ಸಣ್ಣ ಹಿತ್ತಲಿಗೆ ಯಾವ ಫೀಜೋವಾ? ಬೆಳೆದವರು ಹೇಳಿ

ಸುಮಾ, ಆಕ್ಲೆಂಡ್: ಹೊಸ ಮನೆಗೆ ಬಂದಿದ್ದೇವೆ. ಹಿತ್ತಲು ಚಿಕ್ಕದು, ಜೇಡಿಮಣ್ಣು, ಒಂದೇ ಫೀಜೋವಾ ಗಿಡಕ್ಕೆ (ಸೀಬೆ ಜಾತಿಯ ಹಸಿರು ಹಣ್ಣು) ಜಾಗ. ಯೂನೀಕ್ ತಳಿ ಹಾಕಲಾ, ಅಪೋಲೋ ತಳಿ ಹಾಕಲಾ?

ಹೆಗಡೆ, ಹ್ಯಾಮಿಲ್ಟನ್: ನಾನು ಮ್ಯಾಮತ್, ಟ್ರಯಂಫ್, ಅಪೋಲೋ ಮೂರೂ ಹಾಕಿದವನು. ಗಿಡಕ್ಕೆ 38 ಡಾಲರಿನಂತೆ 114. ಕಾಂಪೋಸ್ಟ್ ಮೂಟೆ, ಗೂಟ, ಗಾಳಿಗೆ ಅಡ್ಡ ಕಟ್ಟೋ ಬಲೆ ಎಲ್ಲಾ ಸೇರಿ 260 ಮುಟ್ಟಿತು. ವರ್ಷಗಟ್ಟಲೆ ನೀರು ಹಾಕಿ ಕಾದ ಮೇಲೆ ನೋಡಿದರೆ ಅಪೋಲೋ ಅಂತ ಚೀಟಿ ಇದ್ದ ಗಿಡದಲ್ಲಿ ಗೋಲಿ ಗಾತ್ರದ ಕಾಯಿ, ಬಾಯಿಗಿಟ್ಟರೆ ಬರೀ ಮರಳು. ಅದು ಬೀಜದಿಂದ ಹುಟ್ಟಿದ ಗಿಡ, ಅಪೋಲೋ ತಳಿಯೇ ಅಲ್ಲ! ನರ್ಸರಿಗೆ ಹೋದರೆ ರಸೀದಿ ಕೇಳಿದರು. ಅಷ್ಟು ವರ್ಷದಲ್ಲಿ ರಸೀದಿ ಮೇಲಿನ ಅಕ್ಷರವೇ ಮಾಸಿಹೋಗಿತ್ತು. ಮ್ಯಾಮತ್, ಟ್ರಯಂಫ್ ಮಾತ್ರ ಬುಟ್ಟಿಗಟ್ಟಲೆ ಕೊಡುತ್ತಿವೆ. ಯೂನೀಕ್‌ಗೆ ಏನು ರುಚಿ ಇದೆ ಹೇಳಿ?

ರೂಪಾ, ಆಕ್ಲೆಂಡ್: ಹೆಗಡೆಯವರೇ, ಪೂರ್ತಿ ಹಣ್ಣಾಗೋ ಮೊದಲೇ ಕಿತ್ತು ತಿಂದರೆ ಯಾವುದಕ್ಕೂ ರುಚಿ ಇರಲ್ಲ. ಅಡ್ಡಕ್ಕೆ ಕೊಯ್ದು ನೋಡಿ. ನಡುವಿನ ಲೋಳೆ ಬೆಳ್ಳಗಿದ್ದರೆ ಎಳಸು, ಕಂದಾಗಿದ್ದರೆ ಮುಗಿದ ಕಥೆ, ನೀರಿನಂತೆ ತಿಳಿಯಾಗಿದ್ದರೆ ಸರಿ. ನಮ್ಮದು ಒಂಟಿ ಯೂನೀಕ್. ಜೊತೆಗಿಡ ಇಲ್ಲದೇನೇ ಕಾಯಿ ಕಟ್ಟುತ್ತದೆ, ಗಿಡ ಮೊಣಕಾಲೆತ್ತರ ಇದ್ದಾಗಲೇ ಶುರುವಾಗಿತ್ತು. ಬೇಲಿಯಾಚೆಯವರು ತಮ್ಮ ಫೀಜೋವಾ ಸಾಲನ್ನು ಗೋಡೆಯ ಹಾಗೆ ನುಣ್ಣಗೆ ಕತ್ತರಿಸುತ್ತಾರೆ, ಆಮೇಲೆ ಕಾಯಿಲ್ಲ ಅಂತ ನಮ್ಮ ಮನೆಗೆ ಬರುತ್ತಾರೆ. ಹೂವು ಬರೋದೇ ಹೊಸ ಚಿಗುರಿನಲ್ಲಿ ಅಲ್ವಾ?

ಕ್ರೈಸ್ಟ್‌ಚರ್ಚ್ ಭಟ್ಟ: ನೀವೆಲ್ಲಾ ಬೆಚ್ಚಗಿನ ಊರಿನವರು, ಮಾತಾಡುತ್ತೀರಿ. ಯಾರೋ ಹೊಗಳಿದರು ಅಂತ ನಮ್ಮ ಮನೆಗೆ ವಿಕಿ ಟು ಬಂತು. ತಡವಾಗಿ ಹಣ್ಣಾಗೋ ತಳಿ ಅದು. ಕೊಂಬೆ ಜಗ್ಗುವಷ್ಟು ಕಾಯಿ. ಇನ್ನೇನು ಬಲಿಯಬೇಕು ಅನ್ನುವಾಗ ಇಬ್ಬನಿ ಹೆಪ್ಪುಗಟ್ಟಿ ಅಷ್ಟೂ ಹಾಳು. ಈಗ ಕಾಕರಿಕಿ, ಅನಾಟೊಕಿ ಇವೆ. ಚಳಿ ಹಿಡಿಯೋದರೊಳಗೆ ಕೈಗೆ ಸಿಗುತ್ತವೆ. ನ್ಯೂಜಿಲೆಂಡಿನ ಈ ಚಳಿಯ ದಕ್ಷಿಣದಲ್ಲಿ ಬೇಗ ಹಣ್ಣಾಗೋ ತಳಿ ಬಿಟ್ಟು ಬೇರೆ ಹಾಕಲೇಬೇಡಿ.

ಹೆಗಡೆ, ಹ್ಯಾಮಿಲ್ಟನ್: ಕೇಳಿದವರು ಇರೋದು ಆಕ್ಲೆಂಡಿನಲ್ಲಿ ಭಟ್ರೇ. ಮತ್ತೆ ರೂಪಾ ಮೇಡಂ, ನಾನು ಕಿತ್ತು ತಿನ್ನಲ್ಲ, ಬಿದ್ದದ್ದನ್ನೇ ಆರಿಸೋದು.

ನಾರ್ತ್‌ಲ್ಯಾಂಡ್ ಶೆಟ್ಟಿ: ತಳಿ ತಳಿ ಅಂತ ಬಡಿದಾಡುತ್ತಿದ್ದೀರಲ್ಲ, ಗ್ವಾವಾ ಮಾತ್ (ಹಣ್ಣು ಕೊರೆಯೋ ಹುಳದ ಪತಂಗ) ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಹೊರಗಿಂದ ನೋಡಿದರೆ ಚಂದದ ಹಸಿರು ಹಣ್ಣು. ಸೂಜಿ ಚುಚ್ಚಿದಂಥ ತೂತು. ಕೊಯ್ದರೆ ಒಳಗೆಲ್ಲಾ ಕಂದು ಹಿಕ್ಕೆ, ನಡುವೆ ಹುಳ. ಕಳೆದ ಸಲ ಮುಕ್ಕಾಲು ಪಾಲು ಹಣ್ಣು ಮಣ್ಣುಪಾಲು. ಸ್ಪ್ರೇಗೆ 45, ಬಲೆಗೆ 120 ಡಾಲರ್.

ರೂಪಾ, ಆಕ್ಲೆಂಡ್: ಮಕ್ಕಳು ತಿನ್ನೋ ಹಣ್ಣಿಗೆ ಸ್ಪ್ರೇನಾ? ಹುಳ ಒಳಗೆ ಸೇರಿಕೊಂಡ ಮೇಲೆ ಮೇಲಿಂದ ಹೊಡೆದು ಏನು ಉಪಯೋಗ?

ನಾರ್ತ್‌ಲ್ಯಾಂಡ್ ಶೆಟ್ಟಿ: ನಿಮ್ಮ ಗಿಡಕ್ಕೆ ಬರಲಿ, ಆಗ ಮಾತಾಡೋಣ. ಬಿದ್ದ ಹಣ್ಣನ್ನು ಸಂಜೆಯೊಳಗೆ ಆರಿಸದಿದ್ದರೆ ಹುಳ ಮಣ್ಣಿಗಿಳಿದು ಗೂಡು ಕಟ್ಟುತ್ತದೆ. ನಿಂಬೆಗಿಡ, ಲೋಕ್ವಾಟ್ ಗಿಡ ಇದ್ದರೆ ವರ್ಷವಿಡೀ ಅದಕ್ಕೆ ಊಟ. ಈಗ ನನ್ನ ಭರವಸೆ ಸಣ್ಣ ಕಣ್ಣಿನ ಬಲೆ ಮೇಲೆ ಮಾತ್ರ. ಕಾಯಿ ಕಟ್ಟಿದ ಮೇಲೆ ಹೊದಿಸಿ.

ಹೆಗಡೆ, ಹ್ಯಾಮಿಲ್ಟನ್: ಹೂವಿದ್ದಾಗಲೇ ಬಲೆ ಬೇಕು. ಮೈನಾಗಳು ದಳ ಎಲ್ಲಾ ಹರಿದು ಹಾಕುತ್ತವೆ.

ರೂಪಾ, ಆಕ್ಲೆಂಡ್: ಅಯ್ಯೋ, ಹಾಗೆ ಮಾಡಲೇಬೇಡಿ! ಮೈನಾ, ಬ್ಲಾಕ್‌ಬರ್ಡ್ ಬರೋದೇ ಆ ಸಿಹಿ ದಳ ತಿನ್ನೋಕೆ. ತಿನ್ನುವಾಗ ತಲೆಗೆ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ದಾಟಿಸುತ್ತವೆ. ಹಕ್ಕಿ ಓಡಿಸಿದರೆ ನಿಮ್ಮ ಟ್ರಯಂಫ್ ಬರೀ ಎಲೆ ಬಿಡುತ್ತದೆ.

ಸುಮಾ, ಆಕ್ಲೆಂಡ್: ನಮ್ಮ ಜೇಡಿಮಣ್ಣಿನ ಬಗ್ಗೆ ಯಾರಾದರೂ ಹೇಳಿ ಪ್ಲೀಸ್.

ಕ್ರೈಸ್ಟ್‌ಚರ್ಚ್ ಭಟ್ಟ: ದಿಬ್ಬ ಮಾಡಿ ನೆಡಿ, ನೀರು ನಿಲ್ಲಬಾರದು. ಬೇರು ಮೇಲೆಮೇಲೇ ಇರುತ್ತೆ, ಬುಡ ಕೆದಕಬೇಡಿ, ದರಗು ಹೊದಿಸಿ. ಕಾಯಿ ದಪ್ಪವಾಗೋ ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ಮತ್ತೆ ಹೆಗಡೆಯವರೇ, ಮೈನಾ ವಿಷಯದಲ್ಲಿ ರೂಪಾ ಹೇಳಿದ್ದೇ ಸರಿ.

ಹೆಗಡೆ, ಹ್ಯಾಮಿಲ್ಟನ್: ನಿಮ್ಮ ಊರಿನಲ್ಲಿ ಮೈನಾನೇ ಇಲ್ಲ ಭಟ್ರೇ, ನಿಮಗೇನು ಗೊತ್ತು?