ಸಹಾಯ ಬೇಕು: ‘ಯಾರಿಗೆ ಬಂತು, ಎಲ್ಲಿಗೆ ಬಂತು’ ಬೀದಿಯಲ್ಲಿ ಯಾವ ಧಾಟಿಯಲ್ಲಿ ಹಾಡ್ತಿದ್ದರು?

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಮುಂದಿನ ವಾರ ಎಪ್ಪತ್ತರ ದಶಕದ ಹೋರಾಟದ ಹಾಡುಗಳ ಕಾರ್ಯಕ್ರಮ ಇದೆ. ನಮ್ಮ ತಂಡಕ್ಕೆ ಬಂದಿರುವುದು ದಲಿತ ಕವಿ ಸಿದ್ದಲಿಂಗಯ್ಯನವರ ಈ ಹಾಡು. ನಲವತ್ತೇಳರ ಸ್ವಾತಂತ್ರ್ಯ ಬಡವರ ಮನೆ ತನಕ ಬಂತಾ ಅಂತ ಕೇಳುವ ಹಾಡು.

ಹಿನ್ನೆಲೆ ಓದಿಕೊಂಡಿದ್ದೇನೆ. 1973ರ ಬೂಸಾ ಗಲಾಟೆ (ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ಮಂತ್ರಿ ಬಸವಲಿಂಗಪ್ಪ ಹೇಳಿದ್ದಕ್ಕೆ ಎದ್ದ ವಿವಾದ), ಅವರ ರಾಜೀನಾಮೆ, ಆಮೇಲೆ ದಲಿತ ಸಂಘರ್ಷ ಸಮಿತಿ, 1975ರ ತುರ್ತು ಪರಿಸ್ಥಿತಿ, 1979ರ ಬಂಡಾಯ ಸಾಹಿತ್ಯ ಸಂಘಟನೆ. ಇಷ್ಟು ವೇದಿಕೆ ಮೇಲೆ ಹೇಳಬಲ್ಲೆ. ತೊಂದರೆ ಇರುವುದು ಹಾಡುವುದರಲ್ಲಿ.

ಯೂಟ್ಯೂಬ್ ಪೂರ್ತಿ ಜಾಲಾಡಿದೆ. ನನಗೆ ಸಿಕ್ಕಿದ್ದೆಲ್ಲಾ ಈಚಿನ ವೇದಿಕೆ ಕಾರ್ಯಕ್ರಮಗಳು, ಕೀಬೋರ್ಡು ಜಾಸ್ತಿ. ಲೈಬ್ರರಿಯಲ್ಲಿ ಪದ್ಯ ಸಿಕ್ಕಿತು, ಆದರೆ ಪುಸ್ತಕ ಹಾಡಿ ತೋರಿಸಲ್ವಲ್ಲ! ನಮ್ಮ ದೊಡ್ಡಪ್ಪ ಆಗ ಮೆರವಣಿಗೆಗಳಿಗೆ ಹೋದವರು. ಅವರು ತಮಟೆ ಏಟಿಗೆ ಹೆಜ್ಜೆ ಹಾಕ್ತಾ ಜೋರಾಗಿ ಹಾಡ್ತಿದ್ದೆವು ಅಂತಾರೆ. ನಮ್ಮ ಮೇಷ್ಟ್ರು ಮಾತ್ರ, ಇಲ್ಲಮ್ಮ, ಒಬ್ಬರು ನಿಧಾನಕ್ಕೆ ಎಳೆದು ಹಾಡಬೇಕು, ಉಳಿದವರು ಪಲ್ಲವಿ ಹಿಡಿಯಬೇಕು ಅಂತಾರೆ. ಇಬ್ಬರ ಮಾತೂ ನಿಜ ಇರಬಹುದು. ನನಗೆ ದೊಡ್ಡಪ್ಪನ ಧಾಟಿಯೇ ಇಷ್ಟ, ಸಿಟ್ಟಿನ ಹಾಡನ್ನು ಸುಮ್ನೆ ಅಳುಮೋರೆ ಮಾಡಿ ಹಾಡಿದರೆ ಚೆನ್ನಾಗಿರಲ್ಲ ಅಲ್ವಾ?

ಆಗ ಜಾಥಾ, ಮೆರವಣಿಗೆಗಳಲ್ಲಿ ಇದನ್ನು ಹಾಡಿದವರು ಅಥವಾ ಕಣ್ಣಾರೆ ಕಂಡವರು ಇಲ್ಲಿದ್ದರೆ ದಯವಿಟ್ಟು ಹೇಳಿ: ನಡೆಯುತ್ತಾ ಹಾಡುವಾಗ ಪಲ್ಲವಿಯನ್ನು ಗುಂಪು ಎಲ್ಲಿ ಎತ್ತಿಕೊಳ್ಳುತ್ತಿತ್ತು, ತಮಟೆ ಮೊದಲಿಂದಲೇ ಇತ್ತಾ? ಎರಡು ಸಾಲು ಹಾಡಿ ವಾಯ್ಸ್ ಮೆಸೇಜ್ ಹಾಕಿದರೂ ಸಾಕು.