ಭಾವನ ಬಿಳಿ ಕಾರು

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಲವತ್ತಮೂರು ಮಂದಿ ಇದ್ದಾರೆ. ನನ್ನ ಮೊಬೈಲಿನಲ್ಲಿ ಅವರಾರಿಗೂ ಸ್ವಂತ ಹೆಸರಿಲ್ಲ. ಶನಿವಾರಸಂತೆ ಚಿಕ್ಕಮ್ಮ, ಕುಶಾಲನಗರ ಭಾವ, ಮೈಸೂರು ತಮ್ಮ, ದುಬೈ ಅಣ್ಣ ಎಂದು ಊರಿಗೆ ನಂಟು ಅಂಟಿಸಿ ಉಳಿಸಿಕೊಂಡಿದ್ದೇನೆ. ದೊಡ್ಡಪ್ಪ ಮಾತ್ರ ಬರಿಯ ದೊಡ್ಡಪ್ಪ. ಅವರಿಗೆ ಊರು ಬೇಕಾಗಿಲ್ಲ.

ಜುಲೈ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಆರೂಮುಕ್ಕಾಲು. ಸೋಮವಾರಪೇಟೆಯಲ್ಲಿ ಮೂರು ದಿನದಿಂದ ಕರೆಂಟು ಬಂದು ಮುಖ ತೋರಿಸಿ ಹೋಗುತ್ತಿತ್ತು. ಶನಿವಾರಸಂತೆ ಚಿಕ್ಕಮ್ಮನಿಂದ ಒಂದು ಸಂದೇಶ ಬಂದಿತು. ಮೇಲೆ ಜೋಡಿ ಬಾಣದ ಗುರುತು, ಅಂದರೆ ಈಗಾಗಲೇ ಊರೂರು ಸುತ್ತಿ ಬಂದ ಸರಕು.

"ಹಳೆಯ ಕಾರು ಕೊಳ್ಳುವವರೇ ಎಚ್ಚರ! ಸೀಟಿನೊಳಗೆ ಅಡಗಿದ್ದಾನೆ ಕಣ್ಣಿಗೆ ಕಾಣದ ಶತ್ರು! ಬೆಕ್ಕಿನ ಕೂದಲು, ದೂಳಿನ ಹುಳ, ಬೂಷ್ಟು, ಸಿಗರೇಟಿನ ವಿಷ, ಹೊಳೆಯ ನೀರು! ಹಳೆಯ ಮಾಲೀಕನ ಕಾಯಿಲೆ ನಿಮ್ಮ ಮಕ್ಕಳ ಪಾಲಿಗೆ! ಕಾರು ಹತ್ತಿದ ಕೂಡಲೇ ಎಸಿ ಹಾಕಿದರೆ ಕ್ಯಾನ್ಸರ್! ಹತ್ತು ಜನರಿಗೆ ಕಳುಹಿಸಿ."

ಅದರ ಕೆಳಗೆ ಚಿಕ್ಕಮ್ಮನ ಕೈಮುಗಿದ ಗುರುತು ಮೂರು ಬಾರಿ.

ಹಳೆಯ ಕಾರು ಕೊಳ್ಳಲು ಹೊರಟವಳು ನಾನು, ಮಾರಲು ಹೊರಟವರು ಕುಶಾಲನಗರ ಭಾವ. 2014ರ ಮಾದರಿಯ ಬಿಳಿ ಕಾರು. ನನ್ನ ಮಗಳಿಗೆ ಏಳು ವರ್ಷ, ಮಳೆಗಾಲ ಹಿಡಿಯಿತೆಂದರೆ ಉಬ್ಬಸ. ಸ್ಕೂಟರಿನಲ್ಲಿ ಅವಳನ್ನು ಮಳೆಗೊಡ್ಡಿಕೊಂಡು ಓಡಾಡುವುದು ಸಾಕಾಗಿತ್ತು. ಇದೆಲ್ಲ ಗುಂಪಿನ ನಲವತ್ತಮೂರು ಮಂದಿಗೂ ಗೊತ್ತಿತ್ತು. ಆದ್ದರಿಂದಲೇ ಆ ಕೈಮುಗಿದ ಗುರುತನ್ನು ಯಾರೂ ನಮಸ್ಕಾರವೆಂದು ಓದಲಿಲ್ಲ.

ಹನ್ನೊಂದು ನಿಮಿಷ ಬಿಟ್ಟು ಭಾವ ಬರೆದರು: "ಅತ್ತೆ, ಇದು ಯಾರಿಗೆ?"

"ಯಾರಿಗೂ ಅಲ್ಲ ಅಳಿಯಂದಿರೇ. ನನಗೆ ಬಂದದ್ದನ್ನು ಕಳುಹಿಸಿದೆ. ಎಲ್ಲರ ಒಳ್ಳೆಯದಕ್ಕೆ."

"ಸರಿ. ಹಳೆಯ ವಸ್ತು ಕೊಳ್ಳುವಾಗ ಎಚ್ಚರ ಬೇಕು ಎಂಬುದು ನನಗೆ 2012ರಲ್ಲೇ ಗೊತ್ತಾಗಿದೆ."

2012 ಎಂದರೆ ಫ್ರಿಜ್. ಅಕ್ಕನ ಮದುವೆಯಾದ ವರ್ಷ ಚಿಕ್ಕಪ್ಪ ತಮ್ಮ ಮನೆಯ ಫ್ರಿಜ್ಜನ್ನು ನಾಲ್ಕು ಸಾವಿರಕ್ಕೆ ಅಕ್ಕನ ಮನೆಗೆ ಸಾಗಿಸಿದ್ದರು. ಮೂರನೆಯ ತಿಂಗಳಿಗೆ ಕಂಪ್ರೆಸರ್ ಕೈಕೊಟ್ಟಿತು. ಈಗ ಅದರಲ್ಲಿ ಅಕ್ಕ ಅಕ್ಕಿ ಇಡುತ್ತಾಳೆ, ಇಲಿ ಹೋಗುವುದಿಲ್ಲ. ಆ ಫ್ರಿಜ್ಜಿನ ಮಾತು ಬರದ ಹುತ್ತರಿ ಹಬ್ಬ ನಮ್ಮ ಮನೆಯಲ್ಲಿ ಕಳೆದಿಲ್ಲ.

ಅಷ್ಟರಲ್ಲಿ ಮೈಸೂರು ತಮ್ಮ ಎದ್ದ. ಅವನು ದೊಡ್ಡಪ್ಪನ ಕಿರಿಯ ಮಗ, ಔಷಧ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಗುಂಪಿನಲ್ಲಿ ಅವನ ಪಾತ್ರ ಒಂದೇ ಪದದ್ದು: "ಆಧಾರ?"

"ನಿನಗೆ ಹೆತ್ತವರ ಮಾತಿಗೂ ಆಧಾರ ಬೇಕು" ಎಂದರು ಚಿಕ್ಕಮ್ಮ.

ಆಮೇಲೆ ಅವನು ಒಂದು ಉದ್ದನೆಯ ಬರಹ ಹಾಕಿದ. ಅದನ್ನು ತೆರೆದು ಪೂರ್ತಿ ಓದಿದವರು ಯಾರೂ ಇರಲಾರರು. ನಾನು ಎರಡು ಸಲ ಓದಿದೆ, ನನ್ನ ದುಡ್ಡಿನ ಮಾತಲ್ಲವೇ. ಹುಡುಗ ಅಹಂಕಾರಿ, ಆದರೆ ಬರೆದದ್ದು ನೆಟ್ಟಗಿತ್ತು. ಅಲರ್ಜಿ ಬೇರೆ, ಕೆರಳಿಕೆ ಬೇರೆ ಎಂದು ಶುರುಮಾಡಿದ್ದ. ಬೆಕ್ಕು, ದೂಳಿನ ಹುಳ, ಬೂಷ್ಟು ಇವುಗಳ ಪ್ರೋಟೀನನ್ನು ಕೆಲವರ ಮೈ ಶತ್ರುವೆಂದು ಗುರುತು ಹಿಡಿದು ಕಾದಾಡುತ್ತದೆ, ಅದು ಅಲರ್ಜಿ. ಹೊಗೆ, ಸುಗಂಧದ ಶೀಷೆ, ಊದುಬತ್ತಿ ಹಾಗಲ್ಲ. ಅವು ಸುಮ್ಮನೆ ಶ್ವಾಸನಾಳವನ್ನು ಕೆಣಕುತ್ತವೆ, ಆದರೆ ಉಬ್ಬಸದವರಿಗೆ ಅಷ್ಟೇ ಸಾಕು. ದೂಳಿನ ಹುಳ ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ, ತೊಂದರೆ ಇರುವುದು ಅದರ ಹಿಕ್ಕೆಯಲ್ಲಿ. ನೀರು ಕುಡಿಯದ ಆ ಪ್ರಾಣಿ ಗಾಳಿಯ ತೇವವನ್ನೇ ಹೀರಿಕೊಳ್ಳುತ್ತದೆ. ಎಸಿಯ ತಂಪು ಸುರುಳಿಯ ಮೇಲೆ ಸದಾ ನೀರು ಹನಿಯುತ್ತದೆ, ಆ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೆ ಬೂಷ್ಟು ಬೆಳೆಯುತ್ತದೆ, ಎಸಿ ಹಾಕಿದ ಮೊದಲ ಉಸಿರಿಗೇ ಒದ್ದೆ ಕಾಲುಚೀಲದ ವಾಸನೆ ಹೊಡೆಯುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಿಂದ ಬೆಂಜೀನ್ ಎಂಬ ರಾಸಾಯನಿಕ ಹೊರಟು ಕ್ಯಾನ್ಸರ್ ತರುತ್ತದೆಂಬ ಕತೆ ಮಾತ್ರ ಹಳೆಯ ಗಾಳಿಸುದ್ದಿ. ಬೆಂಜೀನ್ ಕೆಟ್ಟದ್ದೇ, ಆದರೆ ಎಸಿ ಗುಂಡಿ ಒತ್ತಿದ್ದಕ್ಕೆ ಕ್ಯಾನ್ಸರ್ ಬರುವುದಿಲ್ಲ.

ಜುಲೈಯಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೇ ಹಸಿರು ಬೂಷ್ಟು ಹಿಡಿಯುವ ಊರು ನಮ್ಮದು. ಕಾರಿನ ಸೀಟನ್ನು ಅದು ಬಿಟ್ಟೀತೇ ಎಂದು ನನಗೂ ಅನ್ನಿಸಿತು.

ಗುಂಪಿಗೆ ಅನ್ನಿಸಿದ್ದು ಬೇರೆ.

ಭಾವ: "ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ."

ತಮ್ಮ: "ಇರಬೇಕಾಗಿಲ್ಲ ಭಾವ. ಕೂದಲಲ್ಲ ವಿಷಯ, ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಯಿಂದ ಬರುವ ಪ್ರೋಟೀನು. ಬೆಕ್ಕು ಸಾಕಿದವರ ಬಟ್ಟೆಗೆ ಅಂಟಿಕೊಂಡು ಬರುತ್ತದೆ, ಸೀಟಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ."

ಭಾವ: "ಹಾಗಾದರೆ ಸರಿ. ಹೋದ ಹುತ್ತರಿಗೆ ನಾಲ್ಕು ಬೆಕ್ಕು ಸಾಕಿದವರೊಬ್ಬರನ್ನು ಅದೇ ಕಾರಿನಲ್ಲಿ ಶನಿವಾರಸಂತೆಗೆ ಬಿಟ್ಟು ಬಂದಿದ್ದೇನೆ. ಪೆಟ್ರೋಲ್ ಹಣವನ್ನೂ ಕೇಳಿರಲಿಲ್ಲ."

ಚಿಕ್ಕಮ್ಮ: "ನನ್ನ ಬೆಕ್ಕುಗಳು ನಿಮಗಿಂತ ಚೊಕ್ಕಟವಾಗಿವೆ. ನೀವು ಅದೇ ಕಾರಿನ ಹಿಂದಿನ ಸೀಟು ಮಡಚಿ ಕಾಫಿ ಮೂಟೆ ಹೇರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ."

ಇಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ತಮ್ಮನಿಗೆ ತಿಳಿದದ್ದನ್ನು ಹೇಳದೆ ನಿದ್ದೆ ಬರುವುದಿಲ್ಲ. ಹುರಿಯದ ಕಾಫಿ ಬೀಜದ ದೂಳು ಕೂಡ ಅಲರ್ಜಿ ತರುತ್ತದೆ, ಕಾಫಿ ಗೋದಾಮಿನ ಕೆಲಸಗಾರರಲ್ಲಿ ಸೀನು, ಕಣ್ಣುರಿ, ಉಬ್ಬಸ ಕಂಡಿದ್ದಾರೆ, ಹಿಂದೆ ಹರಳೆಣ್ಣೆಯ ಬೀಜ ತುಂಬಿದ್ದ ಗೋಣಿಚೀಲವಾದರೆ ಅದರ ದೂಳು ಇನ್ನೂ ಜೋರು ಎಂದು ಬರೆದ.

ಆಗ ದೊಡ್ಡಪ್ಪ ಬಂದರು. ದೊಡ್ಡಪ್ಪ ಬರೆಯುವಾಗ ಅಲ್ಪವಿರಾಮ, ಪೂರ್ಣವಿರಾಮ ಯಾವುದನ್ನೂ ಬಳಸುವುದಿಲ್ಲ, ಉಸಿರು ಕಟ್ಟಿ ಓದಬೇಕು. "ಕಾಫಿಯನ್ನು ದೂರುವಷ್ಟು ದೊಡ್ಡವನಾದೆಯಾ ಆ ಕಾಫಿ ಮಾರಿಯೇ ನಿನ್ನ ಕಾಲೇಜಿನ ಫೀಸು ಕಟ್ಟಿದ್ದು ನಾವು ಕಣದಲ್ಲಿ ಬೀಜ ಹರಡಿ ಅದರ ಪಕ್ಕದಲ್ಲೇ ಮಲಗಿದವರು ಗೋಣಿಯನ್ನೇ ಹೊದ್ದವರು ನಮಗೆ ಅಲರ್ಜಿ ಎಂಬ ಪದವೇ ಗೊತ್ತಿರಲಿಲ್ಲ ಈಗಿನವರಿಗೆ ಮಳೆ ಬಂದರೆ ನೆಗಡಿ ಬಿಸಿಲು ಬಂದರೆ ತಲೆನೋವು ಮನಸ್ಸು ಶುದ್ಧವಾಗಿದ್ದರೆ ಮೈ ಶುದ್ಧವಾಗಿರುತ್ತದೆ."

ಒಂಬತ್ತು ಹೆಬ್ಬೆರಳು ಬಿದ್ದವು. ದೊಡ್ಡಪ್ಪನ ತಂದೆ, ಅಂದರೆ ನಮ್ಮ ತಾತ, ಆಷಾಢದಿಂದ ಭಾದ್ರಪದದವರೆಗೆ ಜಗಲಿಯ ಕಂಬಕ್ಕೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಆಗ ಅದಕ್ಕೆ ದಮ್ಮು ಎನ್ನುತ್ತಿದ್ದರು. ಪದ ಗೊತ್ತಿರಲಿಲ್ಲ ಎಂಬ ದೊಡ್ಡಪ್ಪನ ಮಾತು ಹಾಗೆ ನೋಡಿದರೆ ನಿಜವೇ. ನಾನು ಅದನ್ನು ಗುಂಪಿನಲ್ಲಿ ಬರೆಯಲಿಲ್ಲ, ಸೊಸೆಯಾಗಿ ಹೋದ ಹೆಣ್ಣುಮಕ್ಕಳು ತವರಿನ ಗುಂಪಿನಲ್ಲಿ ಬರೆಯುವುದು ಹುಟ್ಟುಹಬ್ಬದ ಶುಭಾಶಯವನ್ನು ಮಾತ್ರ.

ತಮ್ಮ ಅಪ್ಪನಿಗೆ ಉತ್ತರ ಕೊಡಲು ಧೈರ್ಯ ಸಾಲದೆ ಸಿಗರೇಟಿನತ್ತ ಹೊರಳಿದ. ಅದೇ ಅವನು ಮಾಡಿದ ತಪ್ಪು. ಚಿಕ್ಕಮ್ಮ ಕಳುಹಿಸಿದ್ದರಲ್ಲಿ ಒಂದು ಮಾತಿಗೆ ಗಟ್ಟಿ ಆಧಾರವಿದೆ ಎಂದ. ಹೊಗೆ ಹೋದ ಮೇಲೂ ನಿಕೋಟಿನ್ ಸೀಟಿಗೆ, ಛಾವಣಿಯ ಬಟ್ಟೆಗೆ ಅಂಟಿಕೊಂಡಿರುತ್ತದೆ. 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು, ಅದು ಗಾಳಿಯ ನೈಟ್ರಸ್ ಆಮ್ಲದೊಡನೆ ಸೇರಿ ನೈಟ್ರೊಸಮೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತುಗಳಾಗುತ್ತದೆ ಎಂದು ತೋರಿಸಿದರು. ಸೇದುವವನೊಬ್ಬನ ಟ್ರಕ್ಕಿನೊಳಗಿಂದ ಒರೆಸಿ ತೆಗೆದಾಗಲೂ ಅವು ಸಿಕ್ಕವು.

ಭಾವ ತಡಮಾಡಲಿಲ್ಲ. "ಬಹಳ ಒಳ್ಳೆಯ ಮಾಹಿತಿ. 2017ರಲ್ಲಿ ಮಂಗಳೂರಿಗೆ ಹೋಗುವಾಗ ಸಂಪಾಜೆ ಘಾಟಿಯುದ್ದಕ್ಕೂ ಕಿಟಕಿ ಎರಡು ಬೆರಳಷ್ಟು ಇಳಿಸಿಕೊಂಡು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಸೇದಿದ್ದು ಯಾರು? ಆ ನಿಕೋಟಿನ್ ನಿನ್ನದೇ ತಮ್ಮಾ."

ತಮ್ಮನ ಒಂದು ಸಂದೇಶ ಬಂದು, ಅಳಿಸಿಹೋಯಿತು. ದೊಡ್ಡಪ್ಪ ಬರೆಯುತ್ತಿದ್ದಾರೆ ಎಂದು ಮೇಲೆ ನಾಲ್ಕು ನಿಮಿಷ ಕಾಣಿಸಿತು. ಕೊನೆಗೆ ಬಂದದ್ದು ಎರಡೇ ಪದ: "ಮನೆಗೆ ಬಾ."

ಈ ಬಿಗುವಿನ ನಡುವೆ ದುಬೈ ಅಣ್ಣ ಬಂದ. ಅಲ್ಲಿ ಆಗ ಇನ್ನೂ ಬೆಳಗಿನ ಚಹಾದ ಹೊತ್ತು. ಅವನು ಮೇಲಿನದ್ದೇನನ್ನೂ ಓದಿರಲಿಲ್ಲ, ಕಾರು ಎಂಬ ಪದವನ್ನಷ್ಟೇ ಕಂಡಿದ್ದ.

"ಕಾರು ಎಂದರೆ ತಾತನ ಜೀಪು! ಒಳಗೆ ಒಂಬತ್ತು ಜನ, ಹಿಂದೆ ನಾಯಿ, ಕಾಲಡಿಯಲ್ಲಿ ಸಂತೆಯ ಒಣಮೀನು. ಮಳೆಗೆ ಕ್ಯಾನ್‌ವಾಸ್ ಇಳಿಬಿಟ್ಟರೆ ಒಳಗೆ ಎಂಥ ವಾಸನೆ! ಪೆಟ್ರೋಲು, ಒದ್ದೆ ಗೋಣಿ, ನಾಯಿ, ಎಲ್ಲ ಸೇರಿ. ಆ ವಾಸನೆಗಾಗಿ ಈಗಲೂ ಜೀವ ಹಾತೊರೆಯುತ್ತದೆ."

ತಮ್ಮ: "ಅದು ಬೂಷ್ಟಿನ ವಾಸನೆ ಅಣ್ಣ."

"ಇರಲಿ ಬಿಡೋ, ನಮ್ಮ ಬೂಷ್ಟು."

ಆಮೇಲೆ ಅವನು ಚಿತ್ರಗಳನ್ನು ಸುರಿಯಲು ತೊಡಗಿದ. ಮಲ್ಲಳ್ಳಿ ಜಲಪಾತದ ಮುಂದೆ ಜೀಪಿನ ಬಾನೆಟ್ ಮೇಲೆ ಕೂತ ನಾವು. ಹಲ್ಲುದುರಿದ ನಾನು. ಚಿಕ್ಕಪ್ಪನ ಗಂಟೆಪ್ಯಾಂಟು. ಎಲ್ಲರೂ ಕರಗಿದರು, ಚಿಕ್ಕಮ್ಮನೂ ಭಾವನೂ ಒಂದೇ ಚಿತ್ರಕ್ಕೆ ಹೃದಯ ಒತ್ತಿದರು. ದೊಡ್ಡಪ್ಪ ಆ ಜೀಪನ್ನು ಕೊಟ್ಟದ್ದು ಎಷ್ಟಕ್ಕೆ ಎಂಬುದರ ಬಗ್ಗೆ ಇಪ್ಪತ್ತು ಸಂದೇಶಗಳು ನಡೆದವು, ಅದರೊಳಗೆ ಗಡಿಯಲ್ಲಿದ್ದ ಎರಡು ಸಿಲ್ವರ್ ಓಕ್ ಮರಗಳನ್ನು ಕಡಿದವರು ಯಾರು ಎಂಬ ಮಾತೂ ಒಮ್ಮೆ ತಲೆಯೆತ್ತಿ ಮಲಗಿತು.

ಹದಿನೇಳನೆಯ ಚಿತ್ರದ ಕೆಳಗೆ ಅಣ್ಣ ಬರೆದಿದ್ದ: "2019ರ ಆಗಸ್ಟ್, ನಾನು ರಜೆಗೆ ಬಂದಿದ್ದಾಗ. ಕಾವೇರಿ ಕುಶಾಲನಗರದ ಬಡಾವಣೆಗೆ ನುಗ್ಗಿದ ದಿನ. ಟ್ರ್ಯಾಕ್ಟರ್ ತಂದು ಎಲ್ಲರೂ ಸೇರಿ ಎಳೆದೆವು. ಎಂಥ ಒಗ್ಗಟ್ಟು ಆಗ!"

ಹನ್ನೆರಡು ಹೃದಯಗಳು. ನಾನು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದೆ. ಕೆಂಪು ನೀರಿನಲ್ಲಿ ಪಂಚೆ ಎತ್ತಿ ಕಟ್ಟಿದ ಭಾವ. ಅವರ ಹಿಂದೆ ಹಗ್ಗ ಬಿಗಿದ ಬಿಳಿ ಕಾರು, ಕೆಎ 12. ನೀರು ಬಾಗಿಲಿನ ಹಿಡಿಗಿಂತ ಒಂದು ಗೇಣು ಕೆಳಗೆ.

ಅದರ ಬಗ್ಗೆ ಗುಂಪಿನಲ್ಲಿ ಯಾರೂ ಒಂದಕ್ಷರ ಬರೆಯಲಿಲ್ಲ. ಭಾವ ಮಾತ್ರ ಆ ಚಿತ್ರಕ್ಕೆ ಹೃದಯ ಒತ್ತಿರಲಿಲ್ಲ.

ಭಾನುವಾರ ನಾನೂ ನಮ್ಮವರೂ ಕುಶಾಲನಗರಕ್ಕೆ ಇಳಿದೆವು. ಕಾರು ಮದುಮಗನ ಹಾಗೆ ನಿಂತಿತ್ತು. ಹೊಸ ಸೀಟ್ ಕವರ್, ಹೊಸ 7ಡಿ ಮ್ಯಾಟು, ಕನ್ನಡಿಯ ಬಳಿ ನಿಂಬೆ ಪರಿಮಳದ ಶೀಷೆ. ಒಳಗೆ ಕೂತ ಎರಡು ನಿಮಿಷಕ್ಕೆ ನನ್ನ ಗಂಟಲು ಕೆರೆಯಿತು. ಗ್ಲೌ ಬಾಕ್ಸಿನ ಹಿಂದಿನ ಎಸಿ ಫಿಲ್ಟರನ್ನು ನಮ್ಮವರು ಎಳೆದರೆ ಅದು ಹಾಲಿನಷ್ಟು ಬೆಳ್ಳಗೆ. ಬಿಲ್ಲು ಅಲ್ಲೇ ಇತ್ತು, ಶುಕ್ರವಾರದ್ದು. ಅಂದರೆ ತಮ್ಮನ ಬರಹವನ್ನು ಪೂರ್ತಿ ಓದಿದವಳು ನಾನೊಬ್ಬಳೇ ಅಲ್ಲ.

ಆದರೆ ಆ ಬರಹದ ಕೊನೆಯ ಸಾಲು ಭಾವನ ಕಣ್ಣು ತಪ್ಪಿಸಿತ್ತು. ನೀರು ಕಂಡ ಕಾರೆಂಬ ಅನುಮಾನವಿದ್ದರೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ತೊಳೆಯುವವರು ಅಲ್ಲಿಯವರೆಗೆ ಎಳೆಯುವುದಿಲ್ಲ ಎಂದಿದ್ದ. ನಾನು ಎಳೆದೆ. ಸುರುಳಿ ಬಿಚ್ಚುತ್ತಾ ಬಿಚ್ಚುತ್ತಾ ಕೊನೆಯ ಒಂದು ಮೊಳದಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಪಟ್ಟೆ, ಅದರ ಮೇಲೆ ಹೊಳೆಯ ಸಣ್ಣ ಮಣ್ಣು ಒಣಗಿ ಪುಡಿಯಾಗಿತ್ತು. ಬೆರಳಿಗೆ ಹತ್ತಿತು.

"ಅದು ತೊಳೆದರೆ ಹೋಗುತ್ತದೆ" ಎಂದರು ಭಾವ. ಅಕ್ಕ ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಗಳಿಗಾಗಿ ಯೋಚಿಸಬೇಕು ಎಂದು ಹೇಳಿ ಹೊರಟೆವು.

ಬಸ್ಸಿನಲ್ಲಿ ಮೊಬೈಲ್ ತೆರೆದರೆ ದೊಡ್ಡಪ್ಪ ತೀರ್ಪು ಕೊಟ್ಟಾಗಿತ್ತು: "ಹತ್ತು ಸಾವಿರ ಬಿಟ್ಟು ಕೊಡಲಿ ಅವಳು ತೆಗೆದುಕೊಳ್ಳಲಿ ಮನೆಯ ಕಾರು ಹೊರಗಿನವರ ಪಾಲಾಗುವುದು ಬೇಡ." ಹದಿನಾಲ್ಕು ಹೆಬ್ಬೆರಳುಗಳು, ಅವುಗಳಲ್ಲಿ ಚಿಕ್ಕಮ್ಮನದೂ ಒಂದು. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ, ಮಗಳಿಗೆ ಸ್ವಲ್ಪ ಜ್ವರ, ಆಮೇಲೆ ಮಾತನಾಡುತ್ತೇನೆ ಎಂದು ಸುಳ್ಳು ಹಾಕಿದೆ. ನಿಮಿಷದೊಳಗೆ ಚಿಕ್ಕಮ್ಮನಿಂದ ಪರಂಗಿ ಎಲೆಯ ರಸದ ಸಂದೇಶ, ಜೋಡಿ ಬಾಣ ಸಮೇತ.

ಅದರ ಬೆನ್ನಿಗೇ ಇನ್ನೊಂದು ಸಂದೇಶ, ಗುಂಪಿನಲ್ಲಲ್ಲ, ನನಗೊಬ್ಬಳಿಗೇ. ಇಷ್ಟು ದಿನದ ಜಗಳದಲ್ಲಿ ಒಂದಕ್ಷರವನ್ನೂ ಬರೆಯದ ಅಕ್ಕನದು.

"ಮ್ಯಾಟಿನ ಕೆಳಗೆ ನೀನು ನೋಡಲಿಲ್ಲ. ಬೇಡ, ತೆಗೆದುಕೊಳ್ಳಬೇಡ. ನಾನು ಹೇಳಿದೆನೆಂದು ಗುಂಪಿನಲ್ಲಿ ಬರೆಯಬೇಡ."