ಕಿವುಡರ ನಡುವೆ ಹಣವಿಲ್ಲದ ವಿನಿಮಯ ನಡೆದೀತೇ?

ಪ್ರಶ್ನೆ:
ಅಮೆರಿಕದಲ್ಲಿ ಎಡ್ಗರ್ ಕಾನ್ 1980ರ ದಶಕದಲ್ಲಿ ರೂಪಿಸಿದ ಟೈಮ್ ಬ್ಯಾಂಕ್ ಪದ್ಧತಿಯಲ್ಲಿ ಇತರರಿಗಾಗಿ ದುಡಿದ ಗಂಟೆಗಳು ನಮ್ಮ ಖಾತೆಗೆ ಜಮೆಯಾಗುತ್ತವೆ, ಅವನ್ನು ತೆತ್ತು ಬೇರೆ ಸದಸ್ಯರ ಸೇವೆ ಪಡೆಯಬಹುದು; ಯಾವ ಕೆಲಸ ಮಾಡಿದರೂ ಒಂದು ಗಂಟೆಗೆ ಸಿಗುವ ಜಮೆ ಒಂದೇ. ಅಲ್ಲಿನ ಕಿವುಡರು ತಮ್ಮೊಳಗೇ ಇಂಥ ಲೆಕ್ಕವಿಟ್ಟುಕೊಂಡು ನಲ್ಲಿ ರಿಪೇರಿ, ಮಕ್ಕಳ ಪಾಠ ಮೊದಲಾದವನ್ನು ವಿನಿಮಯ ಮಾಡಿಕೊಳ್ಳಬಹುದೇ? ಸಂಜ್ಞಾ ಭಾಷೆಯ ದುಭಾಷಿಗಳನ್ನೂ ಸೇರಿಸಬಹುದೇ?

ಉತ್ತರ 1:
ಖಂಡಿತ ಮಾಡಿಕೊಳ್ಳಬಹುದು. ಸಂಜ್ಞೆ ಬಲ್ಲ ಪ್ಲಂಬರ್ ಸ್ಪ್ಯಾನರ್ ಕೆಳಗಿಟ್ಟು, ಸವೆದ ವಾಷರನ್ನು ತೋರಿಸಿ, ಎರಡೂ ಕೈಗಳಿಂದ ವಿವರಿಸಿದರೆ ಫೋನಿನಲ್ಲಿ ಟೈಪ್ ಮಾಡಿ ತೋರಿಸುವ ತಾಪತ್ರಯವೇ ಇರುವುದಿಲ್ಲ. ಆದರೆ ಗುಂಪು ಚಿಕ್ಕದಾದರೆ ಎಲ್ಲರೂ ಅದೇ ಪ್ಲಂಬರನ್ನು ಕರೆಯುತ್ತಾರೆ, ಅವರ ಖಾತೆಯಲ್ಲಿ ಗಂಟೆಗಳು ರಾಶಿಬಿದ್ದರೂ ಖರ್ಚು ಮಾಡಲು ದಾರಿಯಿರುವುದಿಲ್ಲ. ಆದ್ದರಿಂದ ಕೇಳಬಲ್ಲ ನೆರೆಹೊರೆಯವರನ್ನೂ ಸೇರಿಸಿಕೊಳ್ಳುವುದು ಮೇಲು. ಅಮೆರಿಕನ್ ಸಂಜ್ಞಾ ಭಾಷೆ ಕಲಿಯಬಯಸುವವರಿಗೆ ಸಂಭಾಷಣೆಯ ಅಭ್ಯಾಸ ಮಾಡಿಸುವುದು ಕಿವುಡ ಸದಸ್ಯರ ಉತ್ತಮ ಗಳಿಕೆಯಾಗಬಲ್ಲದು.

ಉತ್ತರ 2:
ದುಭಾಷಿಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ, ಚಿಕಿತ್ಸೆಯ ಮಾತುಕತೆಗೆ ದುಭಾಷಿ ಅಗತ್ಯವಾದಾಗ ಆಸ್ಪತ್ರೆಯೇ ಸಾಮಾನ್ಯವಾಗಿ ಅದರ ವೆಚ್ಚ ಭರಿಸಬೇಕು, ರೋಗಿಯಿಂದ ವಸೂಲು ಮಾಡುವಂತಿಲ್ಲ. ಅಲ್ಲಿ ಕಿವುಡರೇ ತಮ್ಮ ಗಂಟೆಗಳನ್ನು ತೆತ್ತರೆ ಆಸ್ಪತ್ರೆಯ ಹೊಣೆಯನ್ನು ತಾವೇ ಹೊತ್ತಂತೆ. ಬಂಧುಗಳ ಮದುವೆ, ಹುಟ್ಟುಹಬ್ಬಗಳಿಗಾದರೆ ನನ್ನ ಆಕ್ಷೇಪವಿಲ್ಲ.

ಉತ್ತರ 3:
ತೆರಿಗೆಯನ್ನೂ ಮರೆಯಬೇಡಿ. ಅಮೆರಿಕದಲ್ಲಿ ವೃತ್ತಿಪರ ಸೇವೆಗಳ ವಿನಿಮಯವನ್ನು ಸಾಮಾನ್ಯವಾಗಿ ಮಾರುಕಟ್ಟೆ ಬೆಲೆಯಲ್ಲಿ ಆದಾಯವೆಂದೇ ಲೆಕ್ಕ ಹಾಕುತ್ತಾರೆ.